ದಾಸಣ್ಣನ ಟೀಮು, ಕಂಬಳಿಯ ಮಾತು

ತುರುವನೂರಿನ ದಾಸಣ್ಣನಿಗೆ ಸೈಕಲ್ ಶಾಪು ಇದ್ದದ್ದು ಹೆಸರಿಗೆ. ಪಂಕ್ಚರ್ ಹಾಕಿಸಲು ಹೋದವರು ಅರ್ಧ ದಿನ ಕಾಯಬೇಕಿತ್ತು. ಅವನ ಪ್ರಾಣವೆಲ್ಲ ಕಬಡ್ಡಿ ಟೀಮಿನ ಮೇಲೆ. ಎಪ್ಪತ್ತರ ದಶಕದ ನಡುವಿನಲ್ಲಿ ನಮ್ಮ ಸೀಮೆಯ ಕಬಡ್ಡಿ ಬರೀ ಆಟವಾಗಿರಲಿಲ್ಲ, ವ್ಯಾಪಾರವೂ ಆಗಿತ್ತು. ಹಿರಿಯೂರು, ಹೊಳಲ್ಕೆರೆ ಕಡೆ ಬಯಲಿನ ಸುತ್ತ ತಟ್ಟಿ ಕಟ್ಟಿ ಟಿಕೆಟ್ ಮಾರುತ್ತಿದ್ದರು. ಜನ ಸೇರಿಸುವ ಟೀಮಿಗೆ ಬಸ್ ಚಾರ್ಜು, ಊಟ, ಮೇಲೊಂದು ಪಾಲು. ಸೇರಿಸದ ಟೀಮನ್ನು ಕರೆಯುವವರೇ ಇಲ್ಲ. ದಾಸಣ್ಣನ ಟೀಮಿಗೆ ಜನ ಬರುತ್ತಿದ್ದದ್ದು ಕಾಟಲಿಂಗಪ್ಪನನ್ನು ನೋಡಲು. ಉಳಿದವರು ಒಗ್ಗರಣೆಯ ಕರಿಬೇವು ಎಂದು ದಾಸಣ್ಣನೇ ಹೇಳಿ ನಗುತ್ತಿದ್ದ.

ಕಾಟಲಿಂಗಪ್ಪ ಗೊಲ್ಲರ ಹಟ್ಟಿಯವನು. ಕುರಿಯ ಹಿಂದೆ ಓಡಿ ಓಡಿ ಗಟ್ಟಿಯಾದ ಕಾಲು. ಅವನನ್ನು ಬೇರೆಯವರು ಎತ್ತಿಕೊಂಡು ಹೋಗದಂತೆ ದಾಸಣ್ಣ ಕಾಗದ ಗೀಗದ ತಂಟೆಗೆ ಹೋಗಲಿಲ್ಲ. ಹಟ್ಟಿಗೇ ಹೋಗಿ, ಕರಿ ಕಂಬಳಿ ಹಾಸಿಸಿ, ಅದರ ಮೇಲೆ ಅವನನ್ನು ಕೂರಿಸಿ, ಬೇರೆ ಟೀಮಿಗೆ ಆಡುವುದಿಲ್ಲ ಎಂದು ಮಾತು ತೆಗೆದುಕೊಂಡ. ಕಂಬಳಿಯ ಮೇಲೆ ಕೊಟ್ಟ ಮಾತಿಗೆ ವಾಯಿದೆ ಇಲ್ಲ. ಮಾತು ತೆಗೆದುಕೊಂಡವನೇ ‘ಬಿಟ್ಟೆ’ ಅನ್ನಬೇಕು. ದಾಸಣ್ಣ ಆ ಜನದವನಲ್ಲ. ಅವರ ಕಟ್ಟಳೆಯನ್ನು ತನ್ನ ವ್ಯಾಪಾರಕ್ಕೆ ಬೀಗ ಮಾಡಿಕೊಂಡು, ತಾನು ಬಲು ಜಾಣ ಅಂದುಕೊಂಡಿದ್ದ.

ಆ ವರ್ಷ ಹೊಸದುರ್ಗದಲ್ಲಿ ಎಣ್ಣೆ ಮಿಲ್ಲಿನ ನಾಗಣ್ಣ ಹೊಸದಾಗಿ ಟೀಮು ಕಟ್ಟಿದ. ಹೊಳಲ್ಕೆರೆಯ ಪಂದ್ಯಕ್ಕೆ ತನ್ನ ಕಡೆ ನಿಂತರೆ ಮಿಲ್ಲಿನಲ್ಲಿ ಕಾವಲು ಕೆಲಸ, ತಿಂಗಳ ಸಂಬಳ, ಇರಲು ಒಂದು ರೂಮು ಎಂದು ಕಾಟಲಿಂಗಪ್ಪನಿಗೆ ಹೇಳಿ ಕಳಿಸಿದ. ಕಾಟಲಿಂಗಪ್ಪ ಹೆಂಡತಿ ಜುಂಜಮ್ಮನನ್ನೂ ಕರೆದುಕೊಂಡು ಶಾಪಿಗೆ ಬಂದ.

“ಬಿಟ್ಟೆ ಅಂದುಬಿಡ್ರಣ್ಣ,” ಅಂದ. “ಇನ್ನೆಷ್ಟು ವರ್ಷ ಆಡೇನು? ಕಾಲಾಗೆ ಕಸುವು ಇರಾವಾಗ್ಲೇ ಒಂದು ನೆಲೆ ಆಗ್ಲಿ.”

“ಹೊಳಲ್ಕೆರೆ ಆಗ್ಲಿ, ಆಮ್ಯಾಲೆ ನೋಡಾಣ.”

“ಆಮ್ಯಾಲೆ ಆ ಕೆಲ್ಸ ಇರಾಕಿಲ್ಲ.”

ದಾಸಣ್ಣ ತಲೆ ಎತ್ತದೆ ಚೈನಿಗೆ ಎಣ್ಣೆ ಬಿಡುತ್ತಲೇ ಇದ್ದ. ಇವನನ್ನು ಬಿಟ್ಟರೆ ಟೀಮಿಲ್ಲ. ಟೀಮಿಲ್ಲದಿದ್ದರೆ ತಾನು ಬರೀ ಪಂಕ್ಚರ್ ದಾಸಣ್ಣ. ಗಂಡ ಹೆಂಡತಿ ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಹೊಳಲ್ಕೆರೆಯಲ್ಲಿ ಕೊನೆಯ ಆಟ ನಾಗಣ್ಣನ ಟೀಮಿನ ಮೇಲೆಯೇ ಬಿತ್ತು. ಅಂದು ಬೆಳಿಗ್ಗೆ ಹೋಟೆಲಿನಲ್ಲಿ ಯಾರೋ ಪುಣ್ಯಾತ್ಮ ಅಂದ: “ಸುಮ್ನೆ ಸೋತು ಕೊಟ್ರೆ ಕೆಲ್ಸ ಇನ್ನೂ ಐತೆ ಅಂತ ನಿಮ್ಮೋನಿಗೆ ಹೇಳಿ ಕಳ್ಸವ್ರಂತೆ.” ದಾಸಣ್ಣ ಟೀ ಅರ್ಧಕ್ಕೇ ಬಿಟ್ಟು ಎದ್ದ. ಮೈಯನ್ನು ಮಾತಿನಿಂದ ಕಟ್ಟಬಹುದು, ಮನಸ್ಸನ್ನು ಕಟ್ಟುವುದು ಹೇಗೆ?

ಆಟ ಶುರುವಾದ ಮೇಲೆ ಅವನು ನೋಡಿದ್ದು ಆಟವನ್ನಲ್ಲ, ಕಾಟಲಿಂಗಪ್ಪನ ಮುಖವನ್ನು. ಯಾರನ್ನೂ ಮುಟ್ಟದೆ ವಾಪಸ್ ಬಂದರೆ, ಬೇಕೆಂದೇ ಬಿಟ್ಟು ಬಂದ ಅಂದುಕೊಳ್ಳುತ್ತಿದ್ದ. ಮುಟ್ಟಿ ಬಂದರೆ, ಕಣ್ಣಿಗೆ ಮಣ್ಣೆರಚಲು ಹೀಗೆ ಮಾಡುತ್ತಿದ್ದಾನೆ ಅನ್ನಿಸುತ್ತಿತ್ತು. ಕೊನೆಗೆ ತುರುವನೂರಿನವರು ಒಂದೇ ಒಂದು ಅಂಕ ಮುಂದಿದ್ದರು. ಉಳಿದದ್ದು ಕಾಟಲಿಂಗಪ್ಪನ ಒಂದು ದಾಳಿ. ಸಿಕ್ಕಿಬೀಳದೆ ಬಂದರೆ ಪಂದ್ಯದ ಕಪ್ಪು ಅವರದ್ದೇ. ಅವನೂ ಅದಕ್ಕೇ ಮೆಲ್ಲಗೆ, ಎಚ್ಚರದಿಂದ ಅತ್ತಿತ್ತ ಆಡುತ್ತಿದ್ದ. ಆ ನಿಧಾನ ದಾಸಣ್ಣನಿಗೆ ಬೇರೆಯಾಗಿ ಕಂಡಿತು. ಹಿಡಿಯಲಿ ಅಂತಲೇ ನಿಂತಿದ್ದಾನೆ, ಮಾರಿಕೊಂಡುಬಿಟ್ಟ.

“ಲೇ ಲಿಂಗ, ಅವ್ರ ಅನ್ನ ಉಣ್ಣಾಕೆ ಹೊಂಟೀಯೇನಲೇ?” ಎಂದು ಕೂಗಿಬಿಟ್ಟ.

ಕಾಟಲಿಂಗಪ್ಪ ಒಮ್ಮೆ ತಿರುಗಿ ನೋಡಿದ. ಆಮೇಲೆ ಹೋಗಬೇಕಾಗಿಯೇ ಇರದ ಮೂಲೆಗೆ ನುಗ್ಗಿದ. ಒಬ್ಬ ಪಾದ ಹಿಡಿದ, ಇನ್ನೊಬ್ಬ ಮೊಣಕಾಲಿನ ಮೇಲೆ ಬಿದ್ದ. ಮುರಿದ ಸದ್ದು ತಟ್ಟಿಯ ಆಚೆಗೂ ಕೇಳಿಸಿತಂತೆ. ಆದರೂ ಉಸಿರು ಬಿಡದೆ ತೆವಳಿ ಬಂದು ನಡುಗೆರೆಗೆ ಕೈ ಮುಟ್ಟಿಸಿದ.

ಕಪ್ಪೇನೋ ಬಂತು. ಇನ್ನು ಓಡುವ ಮಾತಿಲ್ಲ ಎಂದರು ದುರ್ಗದ ದೊಡ್ಡಾಸ್ಪತ್ರೆಯ ಡಾಕ್ಟರು. ದಾಸಣ್ಣ ಮಾನ ಮರ್ಯಾದೆ ಬಿಟ್ಟು ನಾಗಣ್ಣನ ಮಿಲ್ಲಿಗೆ ಹೋಗಿ ಕೈ ಮುಗಿದ, ಆ ಕಾವಲು ಕೆಲಸ ಕೊಡಿ ಎಂದ.

“ಕಾವಲಿಗೆ ಜನ ಬೇಕಾದಷ್ಟು ಸಿಗ್ತಾರೆ ಕಣ್ರಿ. ನಂಗೆ ಬೇಕಾಗಿದ್ದು ಆ ಕಾಲು,” ಅಂದ ನಾಗಣ್ಣ. “ಇನ್ನೊಂದು ಕೇಳ್ರಿ. ಸೋತು ಕೊಡು ಅಂತ ನಾನು ಯಾರ ಕೈಲೂ ಹೇಳ್ಸಿಲ್ಲ.”

ಅಲ್ಲಿಂದ ದಾಸಣ್ಣ ನೇರ ಆಸ್ಪತ್ರೆಗೆ ಬಂದ. ಜುಂಜಮ್ಮ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು. ದಾಸಣ್ಣನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ತನ್ನ ಕೈಲಿ ಕೊಡಲು ಉಳಿದದ್ದು ಅಂದು ಅವರು ಬೇಡಿದ್ದ ಮಾತೊಂದೇ ಎಂದು ತೋರಿತು.

“ಬಿಟ್ಟೆ ಕಣಲೇ ಲಿಂಗ. ಕಂಬಳಿ ಮಾತಿಂದ ನಿನ್ನ ಬಿಟ್ಟೆ,” ಅಂದ.

ಕಾಟಲಿಂಗಪ್ಪ ಗೋಡೆಯ ಕಡೆ ತಿರುಗಿದ. ಜುಂಜಮ್ಮ ಬಟ್ಟಲನ್ನು ಕೆಳಗಿಟ್ಟಳು.

“ನಿಂತ್ಕಂಡು ಬೇಡಿದಾಗ ನೀವು ಬಾಯಿ ಬಿಡ್ಲಿಲ್ಲ,” ಅಂದಳು. “ಈಗ ಬಿಡಬ್ಯಾಡ್ರಿ ಅಣ್ಣ. ಕಂಬಳಿ ಮಾತು ಇರಾಗಂಟ ನಮ್ ಹೊಣೆ ನಿಮ್ದು. ಈಗ ಬಿಟ್ರೆ ನಾವು ಎಲ್ಲಿಗೆ ಹೋಗಾಣ?”

ದಾಸಣ್ಣ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತುಬಿಟ್ಟ. ಬದುಕಿರುವ ತನಕ ‘ಬಿಟ್ಟೆ’ ಅನ್ನುವ ಮಾತನ್ನು ಅವನು ಮತ್ತೆ ಆಡಲಿಲ್ಲ.