ಗಾಡಿಗೂ ಎಣ್ಣೆನೀರು

ನಮ್ಮ ಮನೆಯ ಬೈಕಿಗೆ ಇಂಜಿನ್ ಆಯಿಲ್ ಬದಲಾಗುತ್ತಿದ್ದುದು ವರ್ಷಕ್ಕೆ ಎರಡು ಸಲ. ಯುಗಾದಿಗೆ ಒಂದು ಸಲ, ದೀಪಾವಳಿಗೆ ಒಂದು ಸಲ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಹೀಗೆಲ್ಲ ಇರಲಿಲ್ಲ. ಇದು ನಮ್ಮಣ್ಣನ ಕಾನೂನು.

ಕಿರಂಗೂರಿನ ಮನೆಯಲ್ಲಿ ಇದ್ದವರು ಮೂರೇ ಜನ. ಅವ್ವ, ಅಣ್ಣ, ನಾನು. ಅಪ್ಪ ತೀರಿಕೊಂಡಾಗ ಅವರ ಉಳಿ, ಬಾಚಿ, ಗರಗಸ ಅಣ್ಣನ ಪಾಲಿಗೆ ಬಂದವು, ನನ್ನ ಪಾಲಿಗೆ ಓದು. ಅವನು ಮದುವೆಯಾಗಲಿಲ್ಲ. ಯಾರಾದರೂ ಕೆದಕಿದರೆ, "ಊರೋರ್ ಮನೆಗೆಲ್ಲ ಬಾಗ್ಲು ಮಾಡ್ತಾ ಮಾಡ್ತಾ ನಮ್ಮನೆ ಬಾಗ್ಲಿಗೆ ಸೊಸೆ ತರೋದೇ ಮರ್ತೋಯ್ತು ಕನಣ್ಣ" ಎಂದು ನಗಿಸಿ ಕಳಿಸುತ್ತಿದ್ದ. ನಾನು ನಾಗಮಂಗಲದ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಬರುತ್ತಿದ್ದೆ. ಗಾಡಿ ಅಣ್ಣನದು. ಅವನ ಕೆಲಸವೆಲ್ಲ ಶ್ರೀರಂಗಪಟ್ಟಣ, ಪಾಂಡವಪುರದ ಆಸುಪಾಸಿನಲ್ಲಿ, ದೂರವೆಂದರೆ ಕೆ.ಆರ್. ಪೇಟೆ. ಒಂದು ಮನೆಯ ಬಾಗಿಲು, ಕಿಟಕಿ ಒಪ್ಪಿಕೊಂಡರೆ ವಾರಗಟ್ಟಲೆ ಮನೆಯ ಹಿಂದಿನ ಚಪ್ಪರದಲ್ಲೇ ಕುಯ್ಯುತ್ತ, ಹೆರೆಯುತ್ತ ಇರುತ್ತಿದ್ದ. ಹಾಗಾಗಿ ಗಾಡಿ ಓಡುತ್ತಿದ್ದುದು ಕಡಿಮೆ, ನಿಲ್ಲುತ್ತಿದ್ದುದೇ ಹೆಚ್ಚು.

ಹಬ್ಬದ ದಿನ ಬೆಳಿಗ್ಗೆ ಹಂಡೆಯಲ್ಲಿ ನೀರು ಕಾಯುತ್ತಿರುವಾಗ ಅವ್ವ ಹರಳೆಣ್ಣೆ ಬಿಸಿ ಮಾಡಿ ತರುತ್ತಿದ್ದಳು. ಮೊದಲು ಅಣ್ಣನ ನೆತ್ತಿಗೆ, ಆಮೇಲೆ ನನ್ನ ನೆತ್ತಿಗೆ. ಅಣ್ಣ ಹಳೇ ಟವೆಲ್ಲು ಸುತ್ತಿಕೊಂಡು, ಮೈಯೆಲ್ಲ ಎಣ್ಣೆ ಮಾಡಿಕೊಂಡು, ಹಾಗೇ ಅಂಗಳಕ್ಕೆ ಹೋಗಿ ಗಾಡಿ ಸ್ಟಾರ್ಟ್ ಮಾಡುತ್ತಿದ್ದ. ಸ್ವಲ್ಪ ಹೊತ್ತು ಟಕಟಕ ಅನ್ನಿಸಿ, ಆಫ್ ಮಾಡಿ, ಇಂಜಿನ್ನಿನ ಅಡಿಯ ಬೋಲ್ಟು ಬಿಚ್ಚಿ ಒಂದು ತೂತುಬಿದ್ದು ಬೆಸುಗೆ ಹಾಕಿಸಿದ ಬೋಗುಣಿ ಇಡುತ್ತಿದ್ದ. ಕಪ್ಪನೆಯ ಎಣ್ಣೆ ಸಣ್ಣಗೆ ಇಳಿಯುತ್ತಿತ್ತು.

"ತಣ್ಣಗಿದ್ರೆ ಇಳಿಯಕ್ಕಿಲ್ಲ ಕಣ್ಲಾ. ಅದ್ಕೇ ಅವ್ವ ಎಣ್ಣೆ ಬಿಸಿ ಮಾಡೋದು, ನಾನು ಇಂಜಿನ್ ಬಿಸಿ ಮಾಡೋದು" ಅನ್ನುತ್ತಿದ್ದ. "ನಮ್ಗೆಲ್ಲ ಎಣ್ಣೆನೀರು, ಅದೇನ್ ಪಾಪ ಮಾಡೈತೆ?"

ನಾವಿಬ್ಬರೂ ಸೀಗೆಪುಡಿ ತಿಕ್ಕಿಕೊಂಡು ಸ್ನಾನ ಮುಗಿಸುವಷ್ಟರಲ್ಲಿ ಗಾಡಿಯ ಹಳೆ ಎಣ್ಣೆಯೂ ಇಳಿದಿರುತ್ತಿತ್ತು. ಹೊಸದನ್ನು ಹೊಯ್ದು, ಹ್ಯಾಂಡಲ್ಲಿಗೆ ಹೂವು ಸಿಕ್ಕಿಸಿದರೆ ಅದರ ಹಬ್ಬವೂ ಆಯಿತು. ಹಳೆ ಎಣ್ಣೆಯನ್ನು ಅವನು ಚೆಲ್ಲುತ್ತಿರಲಿಲ್ಲ. ಗೆದ್ದಲು ಹಿಡಿಯದಿರಲೆಂದು ಬಾಗಿಲುವಾಡಗಳ ಹಿಂಬದಿಗೆ, ಗೋಡೆಯೊಳಗೆ ಹುದುಗುವ ಭಾಗಕ್ಕೆ, ಚಿಂದಿಬಟ್ಟೆಯಲ್ಲಿ ಬಳಿಯುತ್ತಿದ್ದ. ಈ ಸೀಮೆಯ ಎಷ್ಟೋ ಮನೆಗಳ ಬಾಗಿಲ ಹಿಂದೆ ನಮ್ಮ ಗಾಡಿಯ ಎಣ್ಣೆ ಇದೆ. ಮನೆಯವರಿಗೇ ಅದು ಗೊತ್ತಿರಲಾರದು.

ನನಗೆ ವಾದ ಮಾಡುವ ಚಟ. ಗಾಡಿಯ ಪುಸ್ತಕ ತೆಗೆದು, "ಇಷ್ಟು ಕಿಲೋಮೀಟರಿಗೆ ಒಂದ್ಸಲ ಅಂತ ಬರೆದವರೆ, ಹಬ್ಬ ಅಂತ ಎಲ್ಲೈತೆ ತೋರ್ಸು" ಎಂದು ಜಗಳ ತೆಗೆಯುತ್ತಿದ್ದೆ. ಗಾಡಿಯ ಮೀಟರು ಕೆಟ್ಟು ಯಾವ ಕಾಲವಾಗಿತ್ತೋ. ಅಣ್ಣ ಆ ಸತ್ತ ಮುಳ್ಳನ್ನು ತೋರಿಸಿ, "ಇದ್ನ ಕೇಳ್ಕಂಡು ಆಯಿಲ್ ಹಾಕ್ಲಾ? ಕಿಲೋಮೀಟ್ರು ಮರ್ತೋಯ್ತದೆ, ಹಬ್ಬ ಮರೆಯಕ್ಕಾಯ್ತದಾ?" ಅನ್ನುತ್ತಿದ್ದ. ನಾನು ಪುಸ್ತಕ ಮಡಚಿಡುತ್ತಿದ್ದೆ.

ಎಣ್ಣೆ ಆರಿಸುವುದರಲ್ಲೂ ಅವನದು ಒಂದೇ ಹಟ. ಪಾಂಡವಪುರದ ಬಿಡಿಭಾಗದ ಅಂಗಡಿಯಲ್ಲಿ ಸಾಬರು ಹೊಸ ಹೊಸ ಡಬ್ಬಗಳನ್ನು ಮುಂದಿಟ್ಟು, ಇದು ತೆಳು, ಮೈಲೇಜು ಜಾಸ್ತಿ ಕೊಡುತ್ತೆ, ಅದು ಹೆಚ್ಚು ದಿನ ಬರುತ್ತೆ ಎಂದು ಹೇಳುತ್ತಿದ್ದರು. ಅಣ್ಣ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು ಕೊನೆಗೆ ತನ್ನ ಮಾಮೂಲಿ ದಪ್ಪ ಎಣ್ಣೆಯ ಡಬ್ಬವನ್ನೇ ಕೈಗೆತ್ತಿಕೊಳ್ಳುತ್ತಿದ್ದ. "ಗಾಡಿಗೆ ವಯಸ್ಸಾಗೈತೆ ಭಾಯ್, ತೆಳ್ಳಗಿರೋದು ಅದ್ರ ಹೊಟ್ಟೇಲಿ ನಿಲ್ಲಕ್ಕಿಲ್ಲ." ಸಾಬರು ನನ್ನ ಕಡೆ ನೋಡಿ, "ನಿಮ್ಮಣ್ಣಂಗೆ ಹೇಳಿ ಹೇಳಿ ನಮ್ಗೂ ವಯಸ್ಸಾಯ್ತು" ಎನ್ನುತ್ತಿದ್ದರು.

ಆ ವರ್ಷ ಯುಗಾದಿಗೆ ಇನ್ನೇನು ಕೆಲವು ದಿನವಿರುವಾಗ ಅಣ್ಣ ಎಂದಿನಂತೆ ಡಬ್ಬ ತಂದು ಅಟ್ಟದ ಮೇಲೆ ಇಟ್ಟ. ಆ ವಾರವೇ ಕೆ.ಆರ್. ಪೇಟೆಯಲ್ಲಿ ಒಂದು ಹೊಸ ಮನೆಗೆ ಬಾಗಿಲು ಕೂರಿಸಲು ಹೋಗಿದ್ದವನು, ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತನಂತೆ. ಮತ್ತೆ ಏಳಲಿಲ್ಲ. ಫೋನು ಬಂದಾಗ ನಾನು ಕಚೇರಿಯಲ್ಲಿದ್ದೆ. ನಾಗಮಂಗಲದಿಂದ ಕೆ.ಆರ್. ಪೇಟೆಗೆ ಹೇಗೆ ಹೋದೆನೋ ನೆನಪಿಲ್ಲ. ಅಣ್ಣನನ್ನು ಆಸ್ಪತ್ರೆಯ ವ್ಯಾನಿನಲ್ಲಿ ಮಲಗಿಸಿದರು. ಬಾಗಿಲು ಮಾಡಿಸುತ್ತಿದ್ದ ಮನೆಯವರು ಜೊತೆಗೆ ಕೂತು ಬರುತ್ತೇವೆಂದರು. ಅವ್ವನಿಗೆ ಇನ್ನೂ ಗೊತ್ತಿರಲಿಲ್ಲ. ವ್ಯಾನು ಬರುವ ಮೊದಲು ನಾನೇ ಹೋಗಿ ಹೇಳಬೇಕು ಎಂದುಕೊಂಡು ಅವನ ಗಾಡಿ ಹತ್ತಿದೆ.

ನನ್ನ ಬುದ್ಧಿಗೆ ಅದು ಹೊಳೆಯಲೇ ಇಲ್ಲ. ಆ ಗಾಡಿಯ ಸದ್ದು ಊರಿಗೆಲ್ಲ ಗುರುತು. ಒಳಗೆಲ್ಲೋ ಸವೆದು ಟಕಟಕ ಬಡಿಯುವ ಸದ್ದು, ಸೈಲೆನ್ಸರಿನದೊಂದು ಕೆಮ್ಮು. ಕೆರೆಯ ತಿರುವಿನಲ್ಲೇ ಅವ್ವನಿಗೆ ಕೇಳಿಸುತ್ತಿತ್ತು. ನಾನು ಮನೆ ಮುಟ್ಟಿದಾಗ ಅವಳು ಗೇಟಿನ ಹತ್ತಿರ ಕಾಲು ತೊಳೆಯಲು ನೀರಿನ ಚೊಂಬು ಹಿಡಿದು ನಿಂತಿದ್ದಳು. "ಇವತ್ತು ಬಿರ್ನೆ ಬಂದ್ಬುಟ್ಟ ಅನ್ಕಂಡೆ" ಅಂದವಳು, ಇಳಿದದ್ದು ನಾನೆಂದು ಕಂಡು, ನನ್ನ ಮುಖ ನೋಡಿ, ಚೊಂಬನ್ನು ಮೆಲ್ಲಗೆ ಕೆಳಗಿಟ್ಟಳು.

ತಿಥಿ ಕಳೆದ ಮೇಲೆ ಗಾಡಿಯನ್ನು ನಾನೇ ಇಟ್ಟುಕೊಂಡೆ. ಅವ್ವ ಒಬ್ಬಳೇ ಆಗಿದ್ದಳು, ಬಸ್ಸಿಗೆ ಕಾಯದೆ ಬೇಗ ಮನೆ ಸೇರಬೇಕಿತ್ತು. ದಿನವೂ ಕಿರಂಗೂರಿನಿಂದ ಪಾಂಡವಪುರದ ಮೇಲೆ ನಾಗಮಂಗಲ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಸಂಜೆ ತಿರುವಿಗೆ ಬಂದರೆ ಅವ್ವ ಗೇಟಿನಲ್ಲಿ ಇರುತ್ತಿದ್ದಳು. ಮುಖ ಅರಳಿರುತ್ತಿತ್ತು. ಹತ್ತಿರ ಬರುತ್ತಿದ್ದಂತೆ ಅದು ಸ್ವಲ್ಪ ಬಾಡುತ್ತಿತ್ತು. ನೋಡಲಾರದೆ ಒಂದು ದಿನ ಹೇಳಿದೆ, "ಈ ಗಾಡಿ ಕೊಟ್ಟು ಬೇರೆ ತಗಳ್ಳನಾ ಅವ್ವ?"

"ಬ್ಯಾಡ ಕನಪ್ಪ" ಅಂದಳು. "ಬರೋನು ನೀನೇ ಅಂತ ನಂಗೊತ್ತಿಲ್ವಾ? ಆದ್ರೂ ಆ ಸದ್ದು ತಿರುವಿಂದ ಗೇಟಿಗೆ ಬರೋಗಂಟ ಅವ್ನೇ ಬತ್ತಾವ್ನೆ ಅನ್ಕತೀನಿ. ಅಷ್ಟಾದ್ರೂ ನಂಗಿರ್ಲಿ ಬುಡು."

ಆಮೇಲೆ ನಾನು ಆ ಮಾತೆತ್ತಲಿಲ್ಲ. ಗಾಡಿಯನ್ನು ಕಣ್ಣಿನಲ್ಲಿ ಕಣ್ಣಿಟ್ಟು ನೋಡಿಕೊಂಡೆ. ಭಾನುವಾರ ತೊಳೆದೆ, ಚೈನು ಬಿಗಿ ಮಾಡಿಸಿದೆ, ಗಾಳಿ ನೋಡಿಸಿದೆ. ಎಣ್ಣೆಗೆ ಮಾತ್ರ ಕೈ ಹಾಕಲಿಲ್ಲ. ಆ ಯುಗಾದಿ ನಮ್ಮ ಮನೆಗೆ ಬರಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಎಣ್ಣೆನೀರಿಲ್ಲ. ದೀಪಾವಳಿಯ ಬೆಳಿಗ್ಗೆ ಬೀದಿಯ ಬಚ್ಚಲುಗಳಿಂದೆಲ್ಲ ಹೊಗೆ ಏಳುತ್ತಿರುವಾಗ ನಮ್ಮ ಒಲೆ ತಣ್ಣಗಿತ್ತು. ಅಣ್ಣ ತಂದಿಟ್ಟ ಡಬ್ಬ ನೆನಪಾಗಿ ಅಟ್ಟದಿಂದ ಇಳಿಸಿ ಅಂಗಳಕ್ಕೆ ತಂದೆ. ಅವ್ವ ನೋಡಿ ಹೊರಗೆ ಬಂದಳು.

"ಏನ್ಲಾ ಅದು? ವರ್ಷ ತುಂಬದೆ ಎಣ್ಣೆ ಮುಟ್ತೀಯಾ?"

"ಗಾಡಿಗೆ ಕನವ್ವ."

"ಗಾಡೀದೂ ಅಬ್ಬ ತಾನೆ? ಅದ್ರ ಅಬ್ಬ ಮಾಡ್ತಿದ್ದೋನೇ ಇಲ್ಲ. ಎತ್ತಿ ಮಡಗು."

ಎತ್ತಿಟ್ಟೆ. ನನಗೂ ಅದೇ ಸರಿ ಅನ್ನಿಸಿತು. ಬೇರೆ ಮನೆಯವರು ಕೇಳಿದರೆ ನಕ್ಕಾರು, ಇಂಜಿನ್ನಿಗೆಂಥ ಸೂತಕ ಎಂದು. ನಮ್ಮ ಮನೆಯಲ್ಲಿ ನಗು ಬರುವ ಮಾತಾಗಿರಲಿಲ್ಲ ಅದು. ಅಣ್ಣನ ತಲೆಗೆ ಎಣ್ಣೆ ಇಡದ ಬೆಳಿಗ್ಗೆ ಅವನ ಗಾಡಿಗೆ ಎಣ್ಣೆ ಹೊಯ್ಯಲು ಯಾರ ಕೈಯೂ ಏಳುತ್ತಿರಲಿಲ್ಲ. ನಮಗೆ ಎಣ್ಣೆ ಎಂದರೆ ಅಂಗಡಿಯ ಸಾಮಾನಲ್ಲ, ಅವನಿದ್ದ ಬೆಳಿಗ್ಗೆ.

ಚಳಿ ಶುರುವಾದ ಮೇಲೆ ಒಂದು ಸಂಜೆ, ನಾಗಮಂಗಲದಿಂದ ಬರುತ್ತ ಪಾಂಡವಪುರ ಇನ್ನೂ ಸ್ವಲ್ಪ ದೂರವಿರುವಾಗ, ಗಾಡಿ ಏದುಸಿರು ಬಿಟ್ಟಂತೆ ಎಳೆಯತೊಡಗಿತು. ಮುಂದೆ ಕಬ್ಬಿನ ಟ್ರಾಕ್ಟರುಗಳ ಸಾಲು. ಕಾಲಿಗೆ ಕಾವು ಹೊಡೆಯುತ್ತಿತ್ತು. ಇದ್ದಕ್ಕಿದ್ದಂತೆ ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು, ನಾನು ಬೀಳದೆ ಉಳಿದೆ. ಕಿಕ್ಕರು ಅಲುಗಲಿಲ್ಲ. ಒಬ್ಬ ಟ್ರಾಕ್ಟರಿನವನು ಕಬ್ಬಿನ ಮೇಲೆ ಗಾಡಿ ಹೇರಿಕೊಂಡು ಪಾಂಡವಪುರದ ಮೆಕಾನಿಕ್ಕನ ಅಂಗಡಿಯ ತನಕ ಬಿಟ್ಟ.

ಮೆಕಾನಿಕ್ಕು ಅಡಿಯ ಬೋಲ್ಟು ಬಿಚ್ಚಿದ. ಇಳಿದದ್ದು ಒಂದು ಹಿಡಿ ಕಪ್ಪು ಗಸಿ. "ಎಣ್ಣೆ ಹಾಕಿ ಎಷ್ಟು ಕಾಲ ಆಯ್ತು ಸಾರ್?" ಅಂದ.

"ಹೋದ ದೀಪಾವಳಿಯ ಹಿಂದಿನ ದೀಪಾವಳಿಗೆ" ಅಂದೆ. ಅವನು ನನ್ನನ್ನು ದಿಟ್ಟಿಸಿ ನೋಡಿದ. ಅಣ್ಣ ಓಡಿಸುತ್ತಿದ್ದಷ್ಟೇ ಓಡಿಸಿದ್ದರೆ ಗಾಡಿ ಹೇಗೋ ತಡೆದುಕೊಳ್ಳುತ್ತಿತ್ತೇನೋ. ದಿನವೂ ನಾಗಮಂಗಲಕ್ಕೆ ಹೋಗಿ ಬರುವ ನನ್ನ ಲೆಕ್ಕವೇ ಬೇರೆ. ಪಿಸ್ಟನ್ನು ಹೋಗಿದೆ, ಸಿಲಿಂಡರು ಕೊರೆಸಬೇಕು, ಒಳಗಿನದೆಲ್ಲ ಹೊಸದು ಹಾಕಬೇಕು ಎಂದ. ಸೈಲೆನ್ಸರೂ ತುಕ್ಕು ತಿಂದಿತ್ತು, ಅದನ್ನೂ ಬದಲಿಸಬೇಕಿತ್ತು.

"ಎಲ್ಲ ಮಾಡಿ. ಸದ್ದು ಮಾತ್ರ ಮೊದಲಿನ ಹಾಗೇ ಇರಬೇಕು" ಅಂದೆ. ಅಂದ ಮೇಲೆ ನಾಚಿಕೆಯಾಯಿತು. ಆದರೂ ಕಾರಣ ಹೇಳಿದೆ.

ನಗಲು ಹೊರಟವನು ಸ್ಪ್ಯಾನರು ಕೆಳಗಿಟ್ಟ. ಕೈ ಒರೆಸಿಕೊಳ್ಳುತ್ತ, "ಆ ಸದ್ದು ಗಾಡಿ ಕಾಯ್ಲೆ ಸಾರ್. ಕಾಯ್ಲೆ ವಾಸಿ ಮಾಡ್ಬುಟ್ಟು ಸದ್ದು ಎಲ್ಲಿಂದ ತರ್ಲಿ?" ಅಂದ.

ಆ ಸಂಜೆ ಬಸ್ಸಿಳಿದು ನಡೆದು ಬಂದೆ. ಅವ್ವ ಜಗಲಿಯ ಮೇಲಿದ್ದಳು. "ಸದ್ದೇ ಕೇಳ್ನಿಲ್ವಲ್ಲಪ್ಪ" ಅಂದಳು. ಗಾಡಿ ಕೆಟ್ಟಿದೆ ಅಂದೆ. ಏನಾಯಿತೆಂದು ಕೇಳಿದಳು. ಎಣ್ಣೆ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಮಗನಿಗಾಗಿ ಹಿಡಿದ ಸೂತಕದ ವರ್ಷವೇ ಮಗನ ಸದ್ದನ್ನು ತಿಂದುಬಿಟ್ಟಿತು ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ? "ಹಳೇದಾಗಿತ್ತು ಕನವ್ವ, ಅಷ್ಟೆ" ಅಂದೆ. ಇವತ್ತಿಗೂ ಹೇಳಿಲ್ಲ.

ಗಾಡಿ ರಿಪೇರಿಯಾಗಿ ಬಂತು. ಹೊಸ ಪಿಸ್ಟನ್ನಿಗೆ ಯಾವ ಎಣ್ಣೆ ಎಂದು ಮೊದಲ ಸಲ ನಾನೇ ಅಂಗಡಿಯ ಮುಂದೆ ನಿಂತೆ. ಸಾಬರು ತೆಳು ಎಣ್ಣೆಯ ಡಬ್ಬ ಕೈಗೆ ಕೊಟ್ಟು, ಹೊಸ ಸಾಮಾನಿಗೆ ಇದು ಒಳ್ಳೆಯದು, ಮೊದಲ ಸಲ ಬೇಗ ಬದಲಾಯಿಸಿ, ಆಮೇಲೆ ಮೀಟರು ನೋಡಿಕೊಂಡು ಬದಲಾಯಿಸಿ ಎಂದರು. ಚರ್ಚೆ ಮಾಡದೆ ತೆಗೆದುಕೊಂಡೆ. "ನಿಮ್ಮಣ್ಣ ಆಗಿದ್ರೆ ಇಷ್ಟೊತ್ತಿಗೆ ನಮ್ಗೇ ಬೈತಿದ್ರು" ಎಂದು ಅವರು ಮುಖ ಆಚೆ ತಿರುಗಿಸಿಕೊಂಡರು. ಮೀಟರನ್ನೂ ಸರಿ ಮಾಡಿಸಿದೆ.

ವರ್ಷದ ತಿಥಿ ಮುಗಿದು ಯುಗಾದಿ ಬಂತು. ಅವ್ವ ಹರಳೆಣ್ಣೆ ಬಿಸಿ ಮಾಡಿ ತಂದು ನನ್ನ ನೆತ್ತಿಗೆ ಒತ್ತಿದಳು. ಮೊದಲ ಎಣ್ಣೆ ನನ್ನ ತಲೆಗೆ ಬಿದ್ದದ್ದು ಅದೇ ಮೊದಲು. ಆಮೇಲೆ ಅವಳೇ ಹೇಳಿ ಅಟ್ಟದ ಮೇಲಿನ ಡಬ್ಬ ಇಳಿಸಿಸಿದಳು.

"ಇದ್ನೇ ಆಕು. ಅವ್ನು ಆರ್ಸಿ ತಂದಿದ್ದು."

ಇಂಜಿನ್ ಬಿಸಿ ಮಾಡಿ, ಇದ್ದ ಎಣ್ಣೆ ಇಳಿಸಿ, ಅಣ್ಣನ ಎಣ್ಣೆ ಹೊಯ್ದೆ. ದಪ್ಪವಾದರೇನು, ಒಂದು ಸಲಕ್ಕೆ ಏನೂ ಆಗದು ಎಂದುಕೊಂಡೆ. ಇಳಿದ ಎಣ್ಣೆಯನ್ನು ಬಳಿಯಲು ಮನೆಯಲ್ಲಿ ಒಂದು ಬಾಗಿಲುವಾಡವೂ ಇರಲಿಲ್ಲ. ಕಿಕ್ಕರು ಒತ್ತುವಾಗ ಅವ್ವ ಎಣ್ಣೆಗೈ ಹಾಗೇ ಹಿಡಿದು ಗಾಡಿಯ ಕಡೆ ಕಿವಿಗೊಟ್ಟು ನಿಂತದ್ದು ಕಂಡಿತು. ಅವಳ ಆಸೆ ಏನೆಂದು ಆಗ ನನಗೆ ಅರ್ಥವಾಯಿತು. ಅವನ ಎಣ್ಣೆ ಬಿದ್ದರೆ ಅವನ ಸದ್ದು ಬಂದೀತೆಂದು ಅವಳು ಕಾದಿದ್ದಳು.

ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ನಯವಾಗಿ, ಯಾರದೋ ಗಾಡಿಯ ಹಾಗೆ ಓಡಿತು. ಅವ್ವ ಸ್ವಲ್ಪ ಹೊತ್ತು ಕೇಳಿದಳು. "ಚೆಂದಾಗೈತೆ ಬುಡು" ಎಂದು ಒಳಗೆ ಹೋದಳು. ಹೂರಣ ರುಬ್ಬುವ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ.

ಈಗ ನಾನು ಆಯಿಲ್ ಬದಲಾಯಿಸಲು ಹಬ್ಬ ಕಾಯುವುದಿಲ್ಲ. ಮೀಟರು ಹೇಳಿದಾಗ ಪಾಂಡವಪುರದಲ್ಲಿ ನಿಲ್ಲಿಸಿ ತೆಳು ಎಣ್ಣೆ ಹಾಕಿಸುತ್ತೇನೆ, ಹಳೆಯದನ್ನು ಅಲ್ಲೇ ಬಿಟ್ಟು ಬರುತ್ತೇನೆ. ಪುಸ್ತಕ ಹೇಳಿದ ಹಾಗೇ ಎಲ್ಲ ನಡೆಯುತ್ತಿದೆ. ಗಾಡಿಗೆ ಯಾವ ತೊಂದರೆಯೂ ಇಲ್ಲ.

ಸಂಜೆ ತಿರುವಿಗೆ ಬಂದಾಗ ಗೇಟಿನಲ್ಲಿ ಯಾರೂ ಇರುವುದಿಲ್ಲ. ಮನೆ ಮುಂದೆ ನಿಲ್ಲಿಸಿ ಹಾರನ್ ಹೊಡೆಯುತ್ತೇನೆ. ಅವ್ವ ಬರುತ್ತಾಳೆ, ಚೊಂಬು ಕೊಡುತ್ತಾಳೆ. ಬಂದಿರುವುದು ನಾನೇ ಎಂದು ಹೊರಗೆ ಬರುವ ಮೊದಲೇ ಅವಳಿಗೆ ಗೊತ್ತಿರುತ್ತದೆ.