ಪಡಸಾಲೆಯಲ್ಲೇ ಬಿಟ್ಟಿದ್ದ ಪ್ರೋಗ್ರಾಂ

ಬೆಳಿಗ್ಗೆ ಹತ್ತಕ್ಕೆ ಡಯಾಲಿಸಿಸ್ ವಾರ್ಡಿನ ಸಿಸ್ಟರ್ ಫೋನ್ ಮಾಡಿದರು. "ನಿಮ್ಮ ಕಾಕಾ ಇನ್ನೂ ಬಂದಿಲ್ರಿ. ನಿನ್ನಿ ಯಾರಿಗೂ ಮೆಸೇಜ್ ಹೋಗಿಲ್ಲ. ಉಳಿದವ್ರು ಫೋನ್ ಮಾಡಿ ಕೇಳ್ಕೊಂಡು ಬಂದಾರ." ಮೆಸೇಜ್ ಕಳಿಸುವ ಆ ಪ್ರೋಗ್ರಾಂ ಬರೆದವಳು ನಾನೇ.

ಆ ಆಸ್ಪತ್ರೆಯಲ್ಲಿರುವುದು ಎರಡೇ ಮಷೀನು. ಯಾರ ಪಾಳಿ ಎಷ್ಟು ಗಂಟೆಗೆ ಎಂಬುದು ಪ್ರತಿ ಸಲ ಬದಲಾಗುತ್ತದೆ, ಹಿಂದಿನ ಸಂಜೆ ಮೆಸೇಜ್ ಹೋಗಲೇಬೇಕು. ಎರಡು ವರ್ಷದ ಹಿಂದೆ, ಇನ್ನೂ ಕೆಲಸ ಕಲಿಯುವಾಗ ಬರೆದ ಆ ಪ್ರೋಗ್ರಾಂ, ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿನ ಹಳೇ ಆವೃತ್ತಿಯ ಮೇಲೆ ನಿಂತಿತ್ತು. ನಮ್ಮ ಕಸುಬಿನಲ್ಲಿ ಪ್ರತಿ ಪ್ರಾಜೆಕ್ಟಿಗೂ ಸರ್ವರಿನೊಳಗೆ ಬೇರೆ ಕೋಣೆ ಮಾಡಿಕೊಟ್ಟು, ಅದಕ್ಕೆ ಬೇಕಾದ ಆವೃತ್ತಿಯನ್ನು ಅಲ್ಲೇ ಇಡಬೇಕು. ಅದು ಮೊದಲ ಪಾಠ. ಇದೊಂದನ್ನು ಮಾತ್ರ ನಾನು ಕೋಣೆಯಿಲ್ಲದೆ, ಸರ್ವರಿನ ಎಲ್ಲರಿಗೂ ಸೇರಿದ ಪಡಸಾಲೆಯಲ್ಲೇ ಬಿಟ್ಟಿದ್ದೆ. ನಡೆಯುತ್ತಿದೆಯಲ್ಲ, ಮುಟ್ಟುವುದೇಕೆ ಎಂಬ ಸೋಮಾರಿತನ. ಹಿಂದಿನ ಮಧ್ಯಾಹ್ನ ಒಂದು ಕಲ್ಯಾಣ ಮಂಟಪದ ಹೊಸ ಪ್ರಾಜೆಕ್ಟಿಗೆಂದು ಅದೇ ಚೌಕಟ್ಟಿನ ಹೊಸ ಆವೃತ್ತಿ ಹಾಕಿದೆ. ಅವಸರದಲ್ಲಿ ಅದರ ಕೋಣೆಯೊಳಗೆ ಹೋಗದೆ, ಪಡಸಾಲೆಯಲ್ಲೇ ನಿಂತು ಹಾಕಿಬಿಟ್ಟೆ. ಹಳೇ ಆವೃತ್ತಿಯ ಜಾಗದಲ್ಲಿ ಹೊಸದು ಬಂದು ಕೂತಿತು, ಹಳೆಯದನ್ನೇ ನಂಬಿದ್ದ ಆಸ್ಪತ್ರೆಯ ಪ್ರೋಗ್ರಾಂ ಸದ್ದಿಲ್ಲದೆ ನಿಂತುಹೋಯಿತು.

ಕಾಕಾ ಫೋನ್ ಎತ್ತುತ್ತಿರಲಿಲ್ಲ. ಅವರ ಹೆಂಡತಿ, ನಮ್ಮ ಕಾಕು, ತವರಿಗೆ ಹೋಗಿದ್ದರು, ಮನೆಯಲ್ಲಿ ಕಾಕಾ ಒಬ್ಬರೇ. ಪಾಳಿ ತಪ್ಪಿದರೆ ಅವರಿಗೆ ಉಸಿರು ಕಟ್ಟುತ್ತದೆ. ಒಮ್ಮೆ ಕಣ್ಣಾರೆ ನೋಡಿದ್ದೇನೆ, ಇನ್ನೊಮ್ಮೆ ನೋಡುವ ಧೈರ್ಯ ನನಗಿಲ್ಲ. ದೇಶಪಾಂಡೆ ನಗರದಿಂದ ಹಳೇ ಹುಬ್ಬಳ್ಳಿಯವರೆಗೆ ಸ್ಕೂಟರ್ ಹೇಗೆ ಓಡಿಸಿದೆನೋ ನೆನಪಿಲ್ಲ. ಓಣಿಯ ಬಾಯಿಗೆ ಟೆಂಪೋ ಅಡ್ಡ ನಿಂತಿತ್ತು. ಸ್ಕೂಟರ್ ಅಲ್ಲೇ ಬಿಟ್ಟು ಓಡಿದೆ.

ಕಾಕಾ ಇಸ್ತ್ರಿ ಅಂಗಿ ತೊಟ್ಟು ಹೊಸ್ತಿಲಲ್ಲಿ ಕೂತಿದ್ದರು, ಫೋನು ತೊಡೆಯ ಮೇಲೆ. ಕಾಲು ಬಾತು ಚಪ್ಪಲಿಯೊಳಗೆ ಹೋಗುವಂತಿರಲಿಲ್ಲ.

"ಫೋನ್ ಯಾಕ ಎತ್ತಲಿಲ್ಲ ಕಾಕಾ?"

"ನಾ ಮಾತಾಡಕೋತ ಕುಂತ್ರ ನಿನ್ನ ಮೆಸೇಜ್ ಒಳಗ ಹೆಂಗ ಬರಬೇಕವಾ? ಅದಕ್ಕ ಯಾರದೂ ಎತ್ತಿಲ್ಲ."

ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಆ ಸಿಟ್ಟು ಅವರ ಮೇಲಲ್ಲ. "ತಪ್ಪು ನಂದು ಕಾಕಾ, ಏಳ್ರಿ" ಎಂದು ರಟ್ಟೆ ಹಿಡಿದು ಓಣಿಯ ಬಾಯಿಗೆ ಕರೆತಂದು ಆಟೋ ಹತ್ತಿಸಿದೆ.

ಮಷೀನು ಶುರುವಾದ ಮೇಲೆ ಅವರ ಮಂಚದ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದೆ. ಹಳೇ ಪ್ರೋಗ್ರಾಮಿಗೊಂದು ಕೋಣೆ ಮಾಡಿ, ಅದರ ಹಳೇ ಆವೃತ್ತಿಯನ್ನು ಅದರೊಳಗಿಟ್ಟು, ನನ್ನದೇ ಫೋನಿಗೊಂದು ಮೆಸೇಜ್ ಕಳಿಸಿ ನೋಡಿದೆ. ಬಂತು. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಇದಕ್ಕೇ ನಾನು ಎರಡು ವರ್ಷದಿಂದ ಟೈಮಿಲ್ಲ ಎನ್ನುತ್ತಿದ್ದೆ.

ಸಿಸ್ಟರ್ ಬಿ.ಪಿ. ನೋಡಲು ಬಂದರು. "ಹಿಂಗ ತಡಾ ಮಾಡಿದ್ರ ಹೆಂಗ್ರಿ ಕಾಕಾರ?"

ಕಾಕಾ ಕಣ್ಣು ತೆರೆಯಲಿಲ್ಲ. "ಮೆಸೇಜ್ ನಿನ್ನಿನ ಬಂದಿತ್ರಿ. ನಾನ ನೋಡಿದ್ದಿಲ್ಲ."

ಸಿಸ್ಟರ್ ನನ್ನ ಕಡೆ ನೋಡಿದರು. ಯಾರಿಗೂ ಮೆಸೇಜ್ ಹೋಗಿಲ್ಲವೆಂದು ಬೆಳಿಗ್ಗೆ ನನಗೆ ಹೇಳಿದ್ದೇ ಅವರು.