ಪಂಕ್ಚರ್ ಹಾಕೋರು ಅಷ್ಟೇ

ನಸೀಮಾ, ನಿನ್ನ ಸೈಕಲ್ ನಿಂತದ್ದು ನನ್ನಿಂದ. ನಿನ್ನ ಅಬ್ಬಾನಿಂದಲ್ಲ, ನಿಮ್ಮ ಓಣಿಯ ಜನರ ಮಾತಿನಿಂದಲೂ ಅಲ್ಲ. ಇಷ್ಟು ವರ್ಷ ನೀನು ಅವರಿಂದಲೇ ಎಂದು ನಂಬಿದ್ದೀಯ — ನಂಬಿರಲಿ ಎಂದು ನಾನು ಸುಮ್ಮನಿದ್ದೆ.

ನನ್ನಿವಾಳದಿಂದ ಚಳ್ಳಕೆರೆಯ ಹೈಸ್ಕೂಲಿಗೆ ಬರುತ್ತಿದ್ದ ಕುರಿ ಕಾಯುವವರ ಮಗಳು ನಾನು. ಅಣ್ಣನ ಹಳೇ ಸೈಕಲ್ಲಿನ ಚೈನು ದಿನಕ್ಕೆರಡು ಸಲ ಕಳಚುತ್ತಿತ್ತು. ಹಾಗೆ ನಿನ್ನ ಅಬ್ಬಾನ ಸೈಕಲ್ ರಿಪೇರಿ ಅಂಗಡಿಗೆ ಬಂದವಳು. ದಸ್ತಗೀರ್ ಚಾಚಾ ಗುಜರಿಯಿಂದ ಬಾಗಿದ ಹ್ಯಾಂಡಲ್ ಹುಡುಕಿ ತಂದು ನಮ್ಮಿಬ್ಬರಿಗೂ ಒಂದೊಂದು ರೇಸ್ ಸೈಕಲ್ ಕಟ್ಟಿಕೊಟ್ಟರು. ಶಾಲೆಗೆ ಮುಂಚೆ ತಳಕಿನ ದಾರಿಯಲ್ಲಿ ನಾವು ತುಳಿಯುತ್ತಿದ್ದೆವು. ಅವರು ಮೊಪೆಡ್ಡಿನಲ್ಲಿ ಹಿಂದೆ. "ಗಾಳಿ ಜೊತೆ ಜಗಳ ಆಡಬ್ಯಾಡ ಬೇಟಿ, ನಸೀಮಾನ ಹಿಂದೆ ಅಡಗಿಕೋ" ಎನ್ನುತ್ತಿದ್ದರು. ನಮ್ಮ ಬಯಲಿನ ಗಾಳಿಯನ್ನೆಲ್ಲ ನೀನು ಎದೆಗೆ ತೆಗೆದುಕೊಳ್ಳುತ್ತಿದ್ದೆ. ನಿನ್ನ ಕಾಲು ನನ್ನದಕ್ಕಿಂತ ಗಟ್ಟಿ. ಅದು ಚಾಚಾಗೂ ಗೊತ್ತಿತ್ತು, ನನಗೂ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ರಸ್ತೆ ಸ್ಪರ್ಧೆ ನಡೆದ ದಿನ ನಿನಗೆ ಜ್ವರ. ಮುಂದಿನ ವರ್ಷ ನೀನು ಸ್ಪರ್ಧಿಸುತ್ತೀಯ ಎಂದುಕೊಂಡಿದ್ದೆವು. ಬಿ.ಜಿ. ಕೆರೆ ದಾಟಿದ ಮೇಲೆ ನಾನು ಎಲ್ಲರನ್ನೂ ಹಿಂದೆ ಹಾಕಿ ಗೆದ್ದೆ. ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸಲು ಬಂದಿದ್ದ ತರಬೇತುದಾರರು ನನ್ನನ್ನು ಕರೆದರು. ಚಾಚಾನ ಎಣ್ಣೆ ಮೆತ್ತಿದ ಅಂಗಿಯ ಕಡೆ ಪೆನ್ನು ತೋರಿಸಿ, "ಅವನಾ ನಿನಗೆ ಕಲಿಸಿದ್ದು? ಇಂಥವರ ಹತ್ತಿರ ಕಲಿತವರ ಚಾಳಿ ಬಿಡಿಸೋಕೇ ಎರಡು ವರ್ಷ ಬೇಕು" ಎಂದರು. ಆ ಪೆನ್ನು ಇನ್ನೂ ನನ್ನ ಹೆಸರು ಬರೆದಿರಲಿಲ್ಲ.

"ಇಲ್ಲ ಸಾರ್. ಅವ್ರು ಪಂಕ್ಚರ್ ಹಾಕೋರು ಅಷ್ಟೇ. ನಾನೇ ಕಲ್ತಿದ್ದು."

ಚಾಚಾ ಮೂರು ಹೆಜ್ಜೆ ದೂರದಲ್ಲಿ, ನನಗೆಂದು ನಿಂಬೆ ಶರಬತ್ತು ಹಿಡಿದು ನಿಂತಿದ್ದರು. ತರಬೇತುದಾರರು ತಿರುಗಿ ನೋಡಿದಾಗ ಅವರು ತಲೆಯಾಡಿಸಿದರು. "ಹೌದು ಸಾಹೇಬ್ರೇ, ನಾನು ಪಂಕ್ಚರ್ ಹಾಕೋನು."

ಆಮೇಲೆ ನನ್ನ ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟಿ ಇಳಿದು ಬಂದರು. ಬೈಯಲಿಲ್ಲ — ಬೈದಿದ್ದರೆ... ಮೆಲ್ಲಗೆ ಕೇಳಿದರು: "ನನ್ನ ಹೆಸರು ಹೇಳಿದ್ರೆ ನಿನಗೇ ಜಾಗ ಸಿಗಲ್ಲ ಅಂದ್ರೆ, ನಸೀಮಾ ಏನ್ ಹೇಳ್ಬೇಕು ಬೇಟಿ? ನನ್ನ ಮಗಳೇ ಅಲ್ಲ ಅಂತ ಹೇಳಕಾಗುತ್ತಾ?"

ನಾನು ಬಸ್ಸು ಹತ್ತಿದೆ. ಆ ವಾರವೇ ಅವರು ನಿನ್ನ ಸೈಕಲ್ ಮಾರಿದರು. ಯಾಕೆಂದು ನೀನು ಅತ್ತು ಕೇಳಿದರೂ ಹೇಳಲಿಲ್ಲ. ಹೇಳಿದ್ದರೆ ನಾನು ನಿನ್ನ ಕಣ್ಣಿಗೆ ಕೀಳಾಗುತ್ತಿದ್ದೆ. ಅದು ಅವರಿಗೆ ಬೇಡವಾಗಿತ್ತು.

ನಾನು ಹಾಸ್ಟೆಲಿಗೆ ಹೋದೆ, ರಾಜ್ಯದ ತಂಡಕ್ಕೆ ಹೋದೆ. ಸೈಕಲ್ ತುಳಿಯುವುದಕ್ಕೇ ಸಂಬಳ ಕೊಡುವ ಕೆಲಸ ಸಿಕ್ಕಿತು. ಹತ್ತು ವರ್ಷ ಎಷ್ಟೋ ಊರಿನ ರಸ್ತೆಗಳಲ್ಲಿ ಸೈಕಲ್ ಓಡಿಸಿದೆ. ಎರಡು ಸಲ ಬಿದ್ದು ಭುಜದ ಎಲುಬು ಮುರಿದುಕೊಂಡೆ. ಪತ್ರಿಕೆಯವರು ಗುರುಗಳ ಹೆಸರು ಕೇಳಿದಾಗಲೆಲ್ಲ "ಸ್ವಂತ ಪರಿಶ್ರಮ" ಎಂದೆ. ಮೊದಲ ಸಲ ಭಯಕ್ಕೆ ಹೇಳಿದ್ದು. ಆಮೇಲೆ — ಆಮೇಲೆ ಯಾವ ಭಯವೂ ಇರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಚಾಚಾ ತೀರಿಕೊಂಡ ಮೂರನೇ ದಿನ ನಿಮ್ಮ ಮನೆಗೆ ಬಂದಿದ್ದೆ. ನಿನ್ನ ಅಣ್ಣಂದಿರು, ಮಕ್ಕಳು ಎಲ್ಲ ಕೂತಿದ್ದರು. ನೀನು ಅಳುತ್ತಲೇ, "ಅಬ್ಬಾಗೆ ಜನರ ಮಾತೇ ಹೆಚ್ಚಾಯ್ತು ಕಣೇ. ನನ್ನ ಕಾಲು ಕಟ್ಟಿಬಿಟ್ಟ. ಅದೊಂದು ಮಾತ್ರ ಮರೆಯಾಕಾಗಲ್ಲ" ಎಂದೆ. ಸತ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ನಿನ್ನ ಕೈ ಹಿಡಿದು ಹೇಳಿದ್ದೇನು, ನೆನಪಿದೆಯಾ?

"ಏನ್ ಮಾಡ್ತೀಯ, ನಿಮ್ಮಲ್ಲಿ ಹಂಗೇ ಅಲ್ವಾ."

ಮಗಳನ್ನು ಹೆದ್ದಾರಿಯಲ್ಲಿ ಎಲ್ಲರೆದುರು ಸೈಕಲ್ ತುಳಿಸಿದ ಮನುಷ್ಯನ ಮನೆಯಲ್ಲೇ ಕೂತು ಹಾಗೆಂದೆ. ನಿನ್ನ ಅಣ್ಣಂದಿರು ತಲೆ ತಗ್ಗಿಸಿದರು.

ಭಾನುವಾರ ಚಳ್ಳಕೆರೆಗೆ ಬರುತ್ತೇನೆ. ಅಣ್ಣಂದಿರನ್ನೂ ಮಕ್ಕಳನ್ನೂ ಕರೆದಿರು. ಇದನ್ನು ಅವರ ಮುಂದೆಯೇ ಬಾಯಿಬಿಟ್ಟು ಹೇಳಬೇಕು. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಅಬ್ಬಾನ ಮೇಲೆ ನೀನು ಇಷ್ಟು ವರ್ಷ ಹೊತ್ತ ಸಿಟ್ಟಿದೆಯಲ್ಲ — ಅದು ನನಗೆ ಸೇರಬೇಕಾದದ್ದು. ತೆಗೆದುಕೊಳ್ಳಲು ಬರುತ್ತಿದ್ದೇನೆ.